ಗೃಹನಿರ್ಮಾಣದ ವ್ಯವಹಾರ: ರಾಜನಿಯಮ ಮತ್ತು ಶ್ರಾವಕನ ಸ್ವಾತಂತ್ರ್ಯ

ಗೃಹಸ್ಥನಿಗೆ ಆ ಹೆಸರು ಬಂದುದೇ ಗೃಹದಿಂದ. ಮುನಿಯು ಗೃಹವನ್ನು ತೊರೆದವನು; ಶ್ರಾವಕನು ಗೃಹದಲ್ಲಿದ್ದುಕೊಂಡೇ ಧರ್ಮವನ್ನು ಸಾಧಿಸಬೇಕಾದವನು. ಆದುದರಿಂದ ಮನೆ ಕಟ್ಟುವುದಾಗಲಿ, ಕಟ್ಟಿ ಮಾರುವುದಾಗಲಿ, ಕಟ್ಟಡಕ್ಕೆ ಬೇಕಾದ ಕಲ್ಲು, ಮರಳು, ಸಿಮೆಂಟು, ಕಬ್ಬಿಣಗಳ ವ್ಯಾಪಾರವಾಗಲಿ ಅವನಿಗೆ ಸರ್ವಥಾ ನಿಷಿದ್ಧವಲ್ಲ. ಆದರೆ ನೆಲವನ್ನು ಅಗೆಯದೆ, ಕಲ್ಲನ್ನು ಸೀಳದೆ, ನೀರನ್ನು ಕಲಕದೆ ಒಂದು ಗೋಡೆಯೂ ಮೇಲೇಳಲಾರದು. ಈ ಕಾರಣದಿಂದಲೇ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ನಿಷೇಧಿಸಿ, ಉಳಿದವುಗಳಿಗೆ ಮಿತಿಯನ್ನು ಹೇಳಿದರು. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿ ಹೆಸರಿಸುವ ಖರಕರ್ಮಗಳೊಳಗೆ ನೆಲವನ್ನು ಒಡೆದು ಜೀವಿಸುವ ವೃತ್ತಿ, ಬೆಂಕಿಯಿಂದ ಸುಟ್ಟು ಜೀವಿಸುವ ವೃತ್ತಿ, ಕೆರೆಗಳನ್ನು ಬತ್ತಿಸುವ ವೃತ್ತಿಗಳು ಸೇರಿರುವುದನ್ನು ನೋಡಿದರೆ, ಕಟ್ಟಡದ ವ್ಯವಹಾರವು ಧರ್ಮದ ಎಲ್ಲೆಯ ಸಮೀಪದಲ್ಲಿಯೇ ನಡೆಯುತ್ತದೆಂಬುದು ಪೂರ್ವಿಕರಿಗೆ ತಿಳಿದಿತ್ತೆಂದು ಸ್ಪಷ್ಟವಾಗುತ್ತದೆ.

ಇಂದು ಈ ಎಲ್ಲೆಯನ್ನು ಗುರುತಿಸುವ ಕೆಲಸಕ್ಕೆ ಶಾಸ್ತ್ರದೊಂದಿಗೆ ಸರಕಾರವೂ ಸೇರಿಕೊಂಡಿದೆ. ನಿವೇಶನದ ಪರಿವರ್ತನೆ, ನಕ್ಷೆಯ ಮಂಜೂರಾತಿ, ಕಟ್ಟಡದ ಸುತ್ತ ಬಿಡಬೇಕಾದ ತೆರವು, ಎತ್ತರದ ಮಿತಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಕಾರ್ಮಿಕರ ಸೆಸ್, ಗಣಿ ಇಲಾಖೆಯ ಪರವಾನಗಿ, ಪೂರ್ಣಗೊಂಡ ಮೇಲೆ ವಾಸಯೋಗ್ಯತೆಯ ಪ್ರಮಾಣಪತ್ರ: ಹೀಗೆ ಒಂದು ಕಟ್ಟಡವು ನೆಲದಿಂದ ಮೇಲೇಳುವ ಮೊದಲೇ ಕಡತವಾಗಿ ಮೇಲೇಳುತ್ತದೆ. ಕಟ್ಟುವವನು ಇದನ್ನು ಬಂಧನವೆನ್ನುತ್ತಾನೆ. ನೆರೆಯವನು ರಕ್ಷಣೆ ಎನ್ನುತ್ತಾನೆ. ಸರಕಾರದ ನಿಯಂತ್ರಣ ಎಲ್ಲಿಯವರೆಗೆ ನ್ಯಾಯವಾದುದು, ಪ್ರಜೆಯ ಸ್ವಾತಂತ್ರ್ಯ ಎಲ್ಲಿಂದ ಮೊದಲಾಗಬೇಕು ಎಂಬ ಪ್ರಶ್ನೆ ಜೈನ ಗೃಹಸ್ಥನಿಗೆ ಕೇವಲ ಆಡಳಿತದ ಪ್ರಶ್ನೆಯಲ್ಲ. ಅದು ಅವನ ಅಣುವ್ರತಗಳನ್ನೇ ಮುಟ್ಟುವ ಪ್ರಶ್ನೆಯಾಗಿದೆ.

ಮಂಗಳೂರಿನ ನೆಲ

ಈ ವಿಚಾರವನ್ನು ಗಾಳಿಯಲ್ಲಿ ನಡೆಸುವುದಕ್ಕಿಂತ ಮಂಗಳೂರಿನ ನೆಲದ ಮೇಲೆ ನಡೆಸುವುದು ಉಚಿತ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವ ಈ ನಗರವು ಕೆಂಪು ಮುರಕಲ್ಲಿನ ಗುಡ್ಡಗಳ ಮೇಲೆ ಹಾಗೂ ಅವುಗಳ ನಡುವಿನ ತಗ್ಗುಗಳಲ್ಲಿ ಹಬ್ಬಿದೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಮಂಗಳೂರು ಹಂಚು ದೇಶವಿದೇಶಗಳ ಮಾಡುಗಳನ್ನು ಸೇರಿತು. ನದಿದಂಡೆಯ ಆವೆಮಣ್ಣು, ಗುಡ್ಡದ ಕಲ್ಲು, ನದಿಯ ಮರಳು, ಕಾಡಿನ ಸೌದೆ: ಈ ನಾಲ್ಕರ ಮೇಲೆ ಊರಿನ ಕಟ್ಟಡದ ಕಸುಬು ಬಹುಕಾಲ ನಿಂತಿತ್ತು. ಅನಂತರ ಕಾಂಕ್ರೀಟಿನ ಯುಗ ಬಂದಿತು. ಒಂದು ಅಂಗಳ, ಒಂದು ಬಾವಿಯಿದ್ದ ಹಿತ್ತಿಲುಗಳಲ್ಲಿ ಹಲವು ಅಂತಸ್ತುಗಳ ವಸತಿ ಸಮುಚ್ಚಯಗಳು ಎದ್ದವು. 1980ರಲ್ಲಿ ಊರು ಮಹಾನಗರಪಾಲಿಕೆಯಾಯಿತು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. 1430ರಲ್ಲಿ ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು ಕಟ್ಟಿದವರು ಯಾವ ಇಂಜಿನಿಯರರ ಸಹಿಗಾಗಿ ಕಾದಿದ್ದರು? ಆ ಕಂಬಗಳು ಆರು ಶತಮಾನಗಳ ಮಳೆಗೆ ಅಲುಗಲಿಲ್ಲವಲ್ಲ ಎಂಬುದು ಅವರ ವಾದ. ಮಾತು ನಿಜವೇ. ಆದರೆ ಅಂದು ಕಟ್ಟಿಸಿದವನೂ ಕಟ್ಟಿದವನೂ ಅದರೊಳಗೆ ಕೈಮುಗಿದು ನಿಲ್ಲುವವನೂ ಒಂದೇ ಸಮಾಜಕ್ಕೆ ಸೇರಿದವರಾಗಿದ್ದರು. ಹಣ ಕೊಟ್ಟ ಸೆಟ್ಟಿಗಳು ಆ ಮಾಡಿನ ಕೆಳಗೆಯೇ ಕುಳಿತುಕೊಳ್ಳಬೇಕಾಗಿತ್ತು. ಇಂದು ಕಟ್ಟುವವನೊಬ್ಬ, ಸಾಲ ಕೊಡುವವನೊಬ್ಬ, ಕಾಣದ ಊರಿನಿಂದ ಹಣ ಕಳುಹಿಸಿ ಕೊಳ್ಳುವವನೊಬ್ಬ, ಹತ್ತನೆಯ ಅಂತಸ್ತಿನಲ್ಲಿ ಬಾಡಿಗೆಗೆ ಮಲಗುವವನು ಮತ್ತೊಬ್ಬ. ಕಂಬದ ಒಳಗಿನ ಕಬ್ಬಿಣವನ್ನು ಕಂಡವನು ಆ ಕಂಬದ ಕೆಳಗೆ ವಾಸಿಸುವುದಿಲ್ಲ. ವಾಸಿಸುವವನು ಕಬ್ಬಿಣವನ್ನು ಕಂಡಿಲ್ಲ. ಪರಿಚಯವು ಮಾಡುತ್ತಿದ್ದ ಕಾವಲನ್ನು ಅಪರಿಚಿತರ ನಡುವೆ ಕಾನೂನು ಮಾಡಬೇಕಾಗಿ ಬಂದಿದೆ. ನಿಯಂತ್ರಣದ ಮೂಲ ಸಮರ್ಥನೆ ಇದು.

ಸಿಮೆಂಟಿನ ಪಾಠ

ಹೀಗೆಂದ ಮಾತ್ರಕ್ಕೆ ಎಲ್ಲ ನಿಯಂತ್ರಣವೂ ಒಳ್ಳೆಯದೆಂದು ತಿಳಿಯಬಾರದು. ಹಿರಿಯ ತಲೆಮಾರಿನ ವ್ಯಾಪಾರಿಗಳಿಗೆ ಸಿಮೆಂಟಿನ ಕಾಲ ನೆನಪಿರಬೇಕು. ಬೆಲೆಯನ್ನೂ ಹಂಚಿಕೆಯನ್ನೂ ಸರಕಾರವೇ ನಿರ್ಣಯಿಸುತ್ತಿದ್ದ ಆ ದಿನಗಳಲ್ಲಿ ಒಂದು ಸಣ್ಣ ಮನೆಯ ತಾರಸಿಗೂ ಪರ್ಮಿಟ್ಟು ಬೇಕಾಗಿತ್ತು. ನಿಗದಿತ ಬೆಲೆಗೆ ಸಿಮೆಂಟು ಸಿಗುತ್ತಿರಲಿಲ್ಲ. ಸಿಗುವ ಕಡೆ ನಿಗದಿತ ಬೆಲೆ ಇರುತ್ತಿರಲಿಲ್ಲ. ಪರ್ಮಿಟ್ಟೇ ಒಂದು ಸರಕಾಗಿ ಮಾರಾಟವಾಯಿತು. 1982ರ ಫೆಬ್ರವರಿಯಲ್ಲಿ ಉತ್ಪಾದನೆಯ ಒಂದು ಭಾಗವನ್ನು ಮಾತ್ರ ಲೆವಿಯಾಗಿ ಉಳಿಸಿಕೊಂಡು ಉಳಿದುದನ್ನು ಮುಕ್ತ ಮಾರುಕಟ್ಟೆಗೆ ಬಿಡಲಾಯಿತು. 1989ರ ಮಾರ್ಚಿನಲ್ಲಿ ನಿಯಂತ್ರಣವನ್ನು ಪೂರ್ಣವಾಗಿ ತೆಗೆಯಲಾಯಿತು. ಅನಂತರ ಕಾರ್ಖಾನೆಗಳು ಹೆಚ್ಚಿದವು, ಕೊರತೆ ನೀಗಿತು, ಸಿಮೆಂಟಿನ ಕಾಳಸಂತೆ ತಾನಾಗಿಯೇ ಮುಚ್ಚಿತು. ಜನರು ಒಮ್ಮೆಲೇ ಸಜ್ಜನರಾದುದರಿಂದ ಇದಾಗಲಿಲ್ಲ. ಅಪ್ರಾಮಾಣಿಕರನ್ನಾಗಿ ಮಾಡುತ್ತಿದ್ದ ಒಂದು ನಿಯಮ ಹೋದುದರಿಂದ ಆಯಿತು.

ಇಂತಹದೇ ಇನ್ನೊಂದು ನಿದರ್ಶನ 1976ರ ನಗರ ಭೂಮಿತಿ ಕಾಯಿದೆ. ಒಬ್ಬನು ನಗರದಲ್ಲಿ ಇಂತಿಷ್ಟು ಖಾಲಿ ಜಾಗವನ್ನು ಮಾತ್ರ ಹೊಂದಬಹುದೆಂಬ ಆ ಕಾಯಿದೆಯ ಉದ್ದೇಶ ಮೇಲ್ನೋಟಕ್ಕೆ ಅಪರಿಗ್ರಹದ ತತ್ತ್ವಕ್ಕೆ ಹತ್ತಿರವಾಗಿತ್ತು. ಆದರೆ ಪರಿಣಾಮದಲ್ಲಿ ಜಾಗಗಳು ವ್ಯಾಜ್ಯಗಳಲ್ಲಿ ಸಿಲುಕಿದವು, ವಿನಾಯಿತಿ ಕೊಡುವ ಅಧಿಕಾರವೇ ಬೆಲೆಬಾಳುವ ವಸ್ತುವಾಯಿತು. 1999ರಲ್ಲಿ ಸಂಸತ್ತು ಅದನ್ನು ರದ್ದುಗೊಳಿಸಿತು. ಪರಿಗ್ರಹಪರಿಮಾಣವು ವ್ರತವಾದಾಗ ಮನಸ್ಸನ್ನು ಹಗುರಗೊಳಿಸುತ್ತದೆ. ಅದೇ ಪರಿಮಾಣ ಬಲವಂತವಾಗಿ ಹೇರಲ್ಪಟ್ಟಾಗ ಮನಸ್ಸು ಬೇನಾಮಿಯ ದಾರಿ ಹುಡುಕುತ್ತದೆ. ಪ್ರತಿಯೊಂದು ಆತ್ಮವೂ ಸ್ವತಂತ್ರ ದ್ರವ್ಯವೆಂದು ಒಪ್ಪುವ ದರ್ಶನದಲ್ಲಿ ಒಬ್ಬನ ವ್ರತವನ್ನು ಇನ್ನೊಬ್ಬನು ಧಾರಣ ಮಾಡಲಾರನು, ಸರಕಾರವಂತೂ ಮಾಡಲಾರದು. ಸರಕಾರವು ಪ್ರಜೆಯನ್ನು ಪುಣ್ಯವಂತನನ್ನಾಗಿ ಮಾಡಲು ಹೊರಡಬಾರದು. ಅವನಿಂದ ಇನ್ನೊಬ್ಬನಿಗೆ ಹಾನಿಯಾಗದಂತೆ ತಡೆಯಬೇಕು. ಅಷ್ಟೇ ಅದರ ಅಳವಿನಲ್ಲಿರುವ ಕೆಲಸ.

ಬಲ್ಮಠದ ಪಾಠ

ಆ ಕೆಲಸ ಎಷ್ಟು ಅಗತ್ಯವೆಂಬುದನ್ನು ಮಂಗಳೂರಿನ ಮಣ್ಣೇ ಮತ್ತೆ ಮತ್ತೆ ಹೇಳಿದೆ. 2020ರ ಫೆಬ್ರವರಿ 28ರಂದು ಕರಂಗಲ್ಪಾಡಿಯ ಸಮೀಪ ಕಟ್ಟಡವೊಂದಕ್ಕಾಗಿ ಅಗೆದ ಜಾಗದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಮೃತಪಟ್ಟರು. 2024ರ ಜುಲೈ 3ರಂದು, ಮಳೆಗಾಲದ ನಡುವೆ, ಬಲ್ಮಠದಲ್ಲಿ ನಿರ್ಮಾಣದಲ್ಲಿದ್ದ ಕಟ್ಟಡದ ಬದಿಯ ಮಣ್ಣು ಜರಿದು ಇಬ್ಬರು ಕಾರ್ಮಿಕರು ಅದರಡಿ ಸಿಲುಕಿದರು. ಗಂಟೆಗಟ್ಟಲೆ ನಡೆದ ಕಾರ್ಯಾಚರಣೆಯಿಂದ ಒಬ್ಬನನ್ನು ಜೀವಂತವಾಗಿ ಹೊರತೆಗೆಯಲಾಯಿತು, ಇನ್ನೊಬ್ಬನು ಉಳಿಯಲಿಲ್ಲ. ಅದಕ್ಕೆ ಒಂದು ವಾರ ಮೊದಲು, ಜೂನ್ 26ರಂದು, ಉಳ್ಳಾಲದ ಬಳಿಯ ಮದನಿನಗರದಲ್ಲಿ ನೆರೆಯ ಕಂಪೌಂಡು ಗೋಡೆ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಮಲಗಿದಲ್ಲಿಯೇ ಅಸುನೀಗಿದರು. ಘಟ್ಟದ ಆಚೆ ಧಾರವಾಡದ ಕುಮಾರೇಶ್ವರನಗರದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದಾಗ 19 ಮಂದಿ ಸತ್ತರು.

ಈ ಅವಘಡಗಳಲ್ಲಿ ಯಾರ ತಪ್ಪು ಎಷ್ಟೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ತತ್ತ್ವದ ದೃಷ್ಟಿಯಿಂದ ಒಂದು ಮಾತು ನಿಶ್ಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಗೆ ಮುನ್ನ ಪ್ರಮತ್ತಯೋಗವನ್ನು ಇಡುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವೂ ಇದೇ: ಎಚ್ಚರದಿಂದ ನಡೆಯುವವನಿಗೆ ಅರಿವಿಲ್ಲದೆ ಆದ ಪ್ರಾಣಿವಧೆ ಬಂಧಕಾರಣವಾಗದು, ಅಜಾಗರೂಕನಿಗೆ ಯಾವ ಜೀವವೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದು. ಈ ಅಳತೆಯಿಂದ ನೋಡಿದರೆ, ಮಳೆಗಾಲದಲ್ಲಿ ಆಧಾರವಿಲ್ಲದೆ ಆಳವಾಗಿ ಕಡಿದ ಗುಡ್ಡದ ಕೆಳಗೆ ಕೂಲಿಯಾಳನ್ನು ಇಳಿಸಿದವನು, ಆ ದಿನ ಮಣ್ಣು ಕುಸಿಯದಿದ್ದರೂ, ಆ ದಿನವೇ ದೋಷಿಯಾದನು. ಇದನ್ನು ಆರಂಭೀ ಹಿಂಸೆ, ಉದ್ಯೋಗೀ ಹಿಂಸೆ ಎಂದು ಕರೆದು ಗೃಹಸ್ಥನಿಗೆ ಕ್ಷಮ್ಯವೆಂದುಕೊಳ್ಳುವಂತಿಲ್ಲ. ಆ ವಿನಾಯಿತಿ ಯತ್ನಾಚಾರವುಳ್ಳವನಿಗೆ ಮಾತ್ರ ಇದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗುಂಡಿಗೆ ಇಳಿಯುವವನು ಬಹುಪಾಲು ಉತ್ತರ ಕರ್ನಾಟಕದ ಒಣಭೂಮಿಯಿಂದಲೋ ಉತ್ತರ ಭಾರತದಿಂದಲೋ ಬಂದವನು. ಮುರಕಲ್ಲಿನ ಗುಡ್ಡ ಮಳೆ ಕುಡಿದಾಗ ಹೇಗೆ ವರ್ತಿಸುತ್ತದೆಂಬುದು ಅವನಿಗೆ ತಿಳಿಯದು. ಇಳಿಯುವುದಿಲ್ಲ ಎನ್ನುವ ಸ್ವಾತಂತ್ರ್ಯವೂ ಅವನಿಗಿಲ್ಲ. ಕಟ್ಟುವವನ ಸ್ವಾತಂತ್ರ್ಯದ ಬಗ್ಗೆ ಮಾತನಾಡುವಾಗ ಈ ಇನ್ನೊಬ್ಬನ ಸ್ವಾತಂತ್ರ್ಯ ಲೆಕ್ಕಕ್ಕೆ ಬರುವುದೇ ಇಲ್ಲ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಕಾಯಿದೆಯನ್ನು ತಂದು, ನಿರ್ಮಾಣವೆಚ್ಚದ ಶೇಕಡಾ ಒಂದರಷ್ಟನ್ನು ಸೆಸ್ ಆಗಿ ಅವರ ಕಲ್ಯಾಣನಿಧಿಗೆ ಸಲ್ಲಿಸುವ ಪದ್ಧತಿಯನ್ನು ಮಾಡಿದುದು ಈ ಕಾರಣದಿಂದ. ಅದನ್ನು ತೆರಿಗೆಯ ಭಾರವೆಂದು ಗೊಣಗುವವರು, ಅದೇ ಕಟ್ಟಡದ ಮುಖಮಂಟಪದ ಅಲಂಕಾರಕ್ಕೆ ಅದಕ್ಕಿಂತ ಹೆಚ್ಚು ವ್ಯಯಿಸುವುದನ್ನು ಕಾಣಬಹುದು.

ಅಚೌರ್ಯದ ಐದು ಅತಿಚಾರಗಳು

ಅಹಿಂಸೆಯಿಂದ ಅಚೌರ್ಯದ ಕಡೆಗೆ ಬಂದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿರುವ ಐದು ಅತಿಚಾರಗಳು ಇಂದಿನ ಕಟ್ಟಡದ ವ್ಯವಹಾರವನ್ನು ಕಂಡೇ ಬರೆದಂತೆ ತೋರುತ್ತವೆ.

ಮೊದಲನೆಯದು ಸ್ತೇನಪ್ರಯೋಗ, ಅಂದರೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು. ತಾನಾಗಿ ಕದಿಯದೆ, ಕಚೇರಿಯ ಮೇಜಿನ ಕೆಳಗೆ ಲಕೋಟೆಯನ್ನು ಸರಿಸಿ ಅಧಿಕಾರಿಯು ತನ್ನ ಕರ್ತವ್ಯವನ್ನು ಕದಿಯುವಂತೆ ಮಾಡುವವನು ಇದಕ್ಕೆ ಒಳಗಾಗುತ್ತಾನೆ. ಎರಡನೆಯದು ತದಾಹೃತಾದಾನ, ಕದ್ದು ತಂದ ವಸ್ತುವನ್ನು ಸ್ವೀಕರಿಸುವುದು. ರಾತ್ರಿ ಎರಡು ಗಂಟೆಗೆ ಬಂದು ರಸೀದಿಯಿಲ್ಲದೆ ಸುರಿದುಹೋಗುವ ಮರಳಿನ ಲಾರಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ನಾಲ್ಕನೆಯದು ಹೀನಾಧಿಕ ಮಾನೋನ್ಮಾನ, ಅಳತೆಯಲ್ಲಿ ಮೋಸ. ಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟಿನ ಗುಂಡಿಗಳನ್ನೆಲ್ಲ ಸೇರಿಸಿ ಮನೆಯ ವಿಸ್ತೀರ್ಣವೆಂದು ಮಾರುತ್ತಿದ್ದ ರೂಢಿಯನ್ನು ತಡೆಯಲು 2016ರ ರೇರಾ ಕಾಯಿದೆ ಒಳ ಅಳತೆಯಲ್ಲಿಯೇ ಮಾರಬೇಕೆಂದು ವಿಧಿಸಿತು. ಐದನೆಯದು ಪ್ರತಿರೂಪಕ ವ್ಯವಹಾರ, ಕಲಬೆರಕೆ. ಉಪ್ಪಿನಂಶ ಹೋಗದ ಮರಳು, ತೂಕ ಕಡಿಮೆಯ ಸರಳು, ಒಂದು ಹೆಸರಿನ ಚೀಲದಲ್ಲಿ ಇನ್ನೊಂದು ಸಿಮೆಂಟು ಇವೆಲ್ಲ ಇದರಡಿ ಬರುತ್ತವೆ. ಕಟ್ಟಡದ ರಚನೆಯಲ್ಲಿ ಐದು ವರ್ಷಗಳೊಳಗೆ ತೋರಿದ ದೋಷವನ್ನು ಕಟ್ಟಿದವನೇ ವೆಚ್ಚವಿಲ್ಲದೆ ಸರಿಪಡಿಸಬೇಕು, ಕೊಳ್ಳುವವರಿಂದ ಪಡೆದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿರಿಸಿ ಅದೇ ಕಟ್ಟಡಕ್ಕೆ ಬಳಸಬೇಕು ಎಂದು ಅದೇ ಕಾಯಿದೆ ಹೇಳಿದೆ. ಒಬ್ಬರ ಹಣದಿಂದ ಇನ್ನೊಬ್ಬರ ಮನೆ ಕಟ್ಟಿ, ಕೊನೆಯವನಿಗೆ ಬರಿಯ ಅಡಿಪಾಯ ತೋರಿಸುವ ವ್ಯವಹಾರವನ್ನು ನೋಡಿದವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ.

ನಡುವಿನ ಮೂರನೆಯದು ವಿರುದ್ಧರಾಜ್ಯಾತಿಕ್ರಮ. ಇದನ್ನು ಸಾಮಾನ್ಯವಾಗಿ ರಾಜಾಜ್ಞೆಯ ಉಲ್ಲಂಘನೆ ಎಂದು ಅರ್ಥೈಸಲಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಈ ಸ್ಥಾನದಲ್ಲಿ ವಿಲೋಪವೆಂಬ ಶಬ್ದವನ್ನು ಬಳಸಿದ್ದಾರೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇನ್ನಷ್ಟು ಸೂಕ್ಷ್ಮವಾಗಿದೆ. ರಾಜ್ಯವು ವಿರುದ್ಧ ಸ್ಥಿತಿಯಲ್ಲಿರುವಾಗ ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಿಂದ ವಸ್ತುವನ್ನು ಪಡೆಯುವುದೇ ಅತಿಕ್ರಮವೆಂದೂ, ಅಲ್ಪಬೆಲೆಗೆ ಅಮೂಲ್ಯ ವಸ್ತುವನ್ನು ಗಿಟ್ಟಿಸುವ ಪ್ರಯತ್ನವೇ ಅದರ ಲಕ್ಷಣವೆಂದೂ ಅವರ ಅಭಿಪ್ರಾಯ. ಆಡಳಿತದ ಸಡಿಲಿಕೆಯನ್ನು ಲಾಭವಾಗಿ ಪರಿವರ್ತಿಸುವುದು ಚೌರ್ಯದ ಒಂದು ಬಗೆ ಎಂಬುದೇ ಇದರ ತಾತ್ಪರ್ಯ. ಅಧಿಕಾರಿ ನೋಡುತ್ತಿಲ್ಲ, ಕಾನೂನು ಗೊಂದಲದಲ್ಲಿದೆ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಮೂರು ಸಮಾಧಾನಗಳನ್ನೂ ಪೂಜ್ಯಪಾದರ ಆ ಒಂದು ವಿವರಣೆ ಕಿತ್ತುಹಾಕುತ್ತದೆ.

ಯಮ ಮತ್ತು ನಿಯಮ

ಹಾಗಾದರೆ ಸರಕಾರ ಬರೆದುದೆಲ್ಲವೂ ಧರ್ಮವೇ? ಈ ಪ್ರಶ್ನೆಗೆ ಉತ್ತರವನ್ನು ಶ್ರಾವಕಾಚಾರದ ಎರಡು ಶಬ್ದಗಳಲ್ಲಿ ಹುಡುಕಬಹುದು. ಯಾವಜ್ಜೀವ ಪಾಲಿಸುವ ತ್ಯಾಗ ಯಮ. ಕಾಲದ ಮಿತಿಯನ್ನಿಟ್ಟುಕೊಂಡು ಪಾಲಿಸುವುದು ನಿಯಮ. ಕಟ್ಟಡದ ಕಾನೂನಿನಲ್ಲಿಯೂ ಈ ಎರಡು ಪದರಗಳಿವೆ. ನೆರೆಯವನ ಗೋಡೆಯನ್ನು ಅಪಾಯಕ್ಕೆ ಒಡ್ಡಬಾರದು, ಅವನ ಗಾಳಿಬೆಳಕನ್ನು ಕಸಿಯಬಾರದು, ಮಳೆನೀರಿನ ದಾರಿಯನ್ನು ಮುಚ್ಚಬಾರದು, ಕೊಳ್ಳುವವನನ್ನು ವಂಚಿಸಬಾರದು ಎಂಬುದು ಯಮಕ್ಕೆ ಸಮಾನ. ಅದಕ್ಕಾಗಿ ಎಷ್ಟು ಮೀಟರು ಬಿಡಬೇಕು, ಎಷ್ಟು ಅಂತಸ್ತು ಏರಿಸಬೇಕು ಎಂಬ ಅಂಕೆಗಳು ನಿಯಮಕ್ಕೆ ಸಮಾನ. ಅಂಕೆಗಳು ಬದಲಾಗಬಹುದು, ಬದಲಾಗಬೇಕು.

ಕರಾವಳಿ ನಿಯಂತ್ರಣ ವಲಯದ ಇತಿಹಾಸ ಇದಕ್ಕೆ ಸಾಕ್ಷಿ. 1991ರಲ್ಲಿ ಬಂದ ಅಧಿಸೂಚನೆ 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪ ತಾಳಿತು. ಗ್ರಾಮೀಣ ಕರಾವಳಿಯಲ್ಲಿ ಉಬ್ಬರರೇಖೆಯಿಂದ 200 ಮೀಟರುಗಳವರೆಗೆ ಇದ್ದ ನಿರ್ಬಂಧವು 2019ರ ಅಧಿಸೂಚನೆಯಲ್ಲಿ ಜನದಟ್ಟಣೆಯ ಪ್ರದೇಶಗಳಿಗೆ 50 ಮೀಟರಿಗೆ ಇಳಿಯಿತು. ಅದೇ 2019ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಚ್ಚಿಯ ಮರಡಿನಲ್ಲಿ ಹಳೆಯ ಕರಾವಳಿ ನಿಯಮವನ್ನು ಮೀರಿ ಕಟ್ಟಿದ ವಸತಿ ಸಮುಚ್ಚಯಗಳನ್ನು ಕೆಡವಲು ಆಜ್ಞಾಪಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಗಳಿಂದ ನೆಲಸಮವಾದವು. ಪ್ರತಿ ಮನೆಯ ಒಡೆಯನಿಗೆ ಮಧ್ಯಂತರ ಪರಿಹಾರವಾಗಿ 25 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ನ್ಯಾಯಾಲಯ ಹೇಳಿತು. ರೇಖೆ ಬದಲಾಗುವಂತಹದು ಎಂಬುದನ್ನು ಹಿಡಿದು ಕಟ್ಟಿದವನು ತನ್ನನ್ನು ಸಮರ್ಥಿಸಿಕೊಳ್ಳಬಹುದು. ಆದರೆ ಅಲ್ಲಿ ಮನೆ ಕಳೆದುಕೊಂಡವರು ಜೀವಮಾನದ ಉಳಿತಾಯವನ್ನು ತೆತ್ತು ಕೊಂಡವರು. ನಿಯಮದ ಅಂಕೆ ಅನಿತ್ಯವಾದರೂ, ನಿಯಮ ಮೀರಿದ ಸಂಗತಿಯನ್ನು ಮರೆಮಾಡಿ ಮಾರಿದುದು ಯಮದ ಭಂಗವೇ ಆಗುತ್ತದೆ.

ನಿಯಮವನ್ನು ಒಪ್ಪದವನಿಗೆ ಅದನ್ನು ಬದಲಾಯಿಸಲು ಕೇಳುವ ಹಕ್ಕಿದೆ. ಮನವಿ, ಸಂಘ, ನ್ಯಾಯಾಲಯಗಳಿವೆ. ಗುಟ್ಟಾಗಿ ಮೀರುವ ಹಕ್ಕಿಲ್ಲ. ಇತ್ತ ಸರಕಾರಕ್ಕೂ ಮಿತಿಯಿದೆ. 2024ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು, 15 ದಿನಗಳ ನೋಟೀಸನ್ನೂ ಹೇಳಿಕೊಳ್ಳುವ ಅವಕಾಶವನ್ನೂ ಕೊಡದೆ ಯಾರ ಮನೆಯನ್ನೂ ಕೆಡವಬಾರದೆಂದು, ತಪ್ಪಿದ ಅಧಿಕಾರಿ ತನ್ನ ಕೈಯಿಂದಲೇ ನಷ್ಟ ತುಂಬಿಕೊಡಬೇಕಾದೀತೆಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರ್ 17ರಂದು ಅದೇ ನ್ಯಾಯಾಲಯವು, ಅಧಿಕಾರಿಗಳ ವಿಳಂಬವಾಗಲಿ ಹೂಡಿದ ಹಣವಾಗಲಿ ಅನಧಿಕೃತ ಕಟ್ಟಡವನ್ನು ಸಕ್ರಮಗೊಳಿಸಲಾರದೆಂದು ಹೇಳಿತು. ಸ್ವಲ್ಪ ಹೆಚ್ಚು ಒಂದು ತಿಂಗಳ ಅಂತರದಲ್ಲಿ ಬಂದ ಈ ಎರಡು ತೀರ್ಪುಗಳನ್ನು ಪರಸ್ಪರ ವಿರುದ್ಧವೆಂದು ತಿಳಿಯುವುದು ಏಕಾಂತದೃಷ್ಟಿ. ಒಂದು ಸರಕಾರದ ಕೈಯನ್ನು ಕಟ್ಟುತ್ತದೆ, ಇನ್ನೊಂದು ಕಟ್ಟುವವನ ಕೈಯನ್ನು ಕಟ್ಟುತ್ತದೆ. ಎರಡೂ ಕೈಗಳು ಮಿತಿಯಲ್ಲಿದ್ದಾಗ ಮಾತ್ರ ನಡುವಿನ ಸಾಮಾನ್ಯನು ನಿರಾಳವಾಗಿ ನಿದ್ರಿಸಬಲ್ಲನು.

ಕರ್ನಾಟಕದ ಅಕ್ರಮ-ಸಕ್ರಮ ಯೋಜನೆಯನ್ನು ಇದೇ ಬೆಳಕಿನಲ್ಲಿ ನೋಡಬಹುದು. 2007ರಲ್ಲಿ ಕಾನೂನು ತಿದ್ದುಪಡಿಯಾಗಿ, 2014ರಲ್ಲಿ ನಿಯಮಗಳು ರಚಿತವಾಗಿ, ದಂಡ ತೆತ್ತರೆ ವಾಸದ ಕಟ್ಟಡಗಳಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ಸಕ್ರಮಗೊಳಿಸುವ ವ್ಯವಸ್ಥೆಯಾಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಿತ್ತಿತು. ಪ್ರಾಯಶ್ಚಿತ್ತದ ತತ್ತ್ವ ಜೈನಧರ್ಮಕ್ಕೆ ಹೊಸತಲ್ಲ. ಆದರೆ ಆಲೋಚನೆ, ಪ್ರತಿಕ್ರಮಣಗಳಿಂದ ಕೂಡಿದ ಪ್ರಾಯಶ್ಚಿತ್ತವು ತಪ್ಪು ಮರುಕಳಿಸದಿರಲೆಂದು ಇರುವುದು. ಮುಂದೆ ಸಕ್ರಮವಾದೀತೆಂದು ಮೊದಲೇ ಲೆಕ್ಕಹಾಕಿ ಮೇಲೊಂದು ಅಂತಸ್ತು ಎತ್ತಿದರೆ, ದಂಡವು ಬರಿಯ ಖರ್ಚಿನ ಬಾಬತ್ತಾಗುತ್ತದೆ. ನಿಯಮವನ್ನು ಪಾಲಿಸಿ ಜಾಗ ಬಿಟ್ಟ ನೆರೆಯವನು ಮೂರ್ಖನಾಗುತ್ತಾನೆ.

ಕೆಂಪುಕಲ್ಲು, ಮರಳು ಮತ್ತು ದಿನಗೂಲಿ

ಅತ್ಯಂತ ಕಠಿನವಾದ ಪರೀಕ್ಷೆ 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡಕ್ಕೆ ಎದುರಾಯಿತು. ಪರವಾನಗಿಯಿಲ್ಲದ ಕೆಂಪುಕಲ್ಲಿನ ಕೋರೆಗಳ ಹಾಗೂ ಮರಳು ಸಾಗಾಟದ ಮೇಲೆ ಬಿಗಿಯಾದ ಕ್ರಮ ಆರಂಭವಾದೊಡನೆ ಕಲ್ಲೂ ಮರಳೂ ಪೇಟೆಯಿಂದ ಮರೆಯಾದವು. ಅರ್ಧ ಎದ್ದ ಮನೆಗಳು ಹಾಗೆಯೇ ನಿಂತವು. ಗಾರೆಯವರು, ಕಲ್ಲು ಕಟ್ಟುವವರು, ಬಡಗಿಗಳು, ಲಾರಿ ಚಾಲಕರು ಕೆಲಸವಿಲ್ಲದೆ ಕುಳಿತರು. ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಪರವಾನಗಿಯ ಕ್ರಮವನ್ನು ಸರಳಗೊಳಿಸಬೇಕು, ರಾಜಧನವನ್ನು ಇಳಿಸಬೇಕು ಎಂಬ ಕೂಗೆದ್ದಿತು.

ಕಾನೂನಿನ ಪಕ್ಷದಲ್ಲಿ ಸತ್ಯವಿತ್ತು. ಅಳತೆಯಿಲ್ಲದೆ ಅಗೆದ ಕೋರೆಗಳು ನೀರು ತುಂಬಿ ಮೃತ್ಯುಕೂಪಗಳಾಗುತ್ತವೆ. ಮರಳು ಬರಿದಾದ ನದಿಯ ದಂಡೆ ಕುಸಿಯುತ್ತದೆ, ಸೇತುವೆಯ ಬುಡ ಸಡಿಲಾಗುತ್ತದೆ, ದಂಡೆಯ ಬಾವಿಗಳಿಗೆ ಉಪ್ಪುನೀರು ಏರುತ್ತದೆ. ಕೂಲಿಕಾರನ ಪಕ್ಷದಲ್ಲಿಯೂ ಸತ್ಯವಿತ್ತು. ಅವನು ಕಲ್ಲನ್ನು ಕದ್ದವನಲ್ಲ, ಕಳ್ಳತನದ ಲಾಭ ಉಂಡವನೂ ಅಲ್ಲ; ಆದರೆ ದಂಡನೆ ಮೊದಲು ತಟ್ಟಿದುದು ಅವನ ಒಲೆಗೆ. ಗುತ್ತಿಗೆದಾರನ ನಷ್ಟ ಮುಂದೂಡಲ್ಪಟ್ಟ ಲಾಭ. ಕೂಲಿಕಾರನ ನಷ್ಟ ಅಂದಿನ ಊಟ.

ಈ ಪ್ರಸಂಗದಿಂದ ಎರಡು ತತ್ತ್ವಗಳು ಹೊರಡುತ್ತವೆ. ಅಕ್ರಮದ ಬಾಗಿಲನ್ನು ಮುಚ್ಚುವ ಮೊದಲು ಸಕ್ರಮದ ಬಾಗಿಲನ್ನು ತೆರೆದಿಡುವುದು ಆಳುವವರ ಕರ್ತವ್ಯ. ಪ್ರಾಮಾಣಿಕನಿಗೆ ಪರವಾನಗಿ ಸಿಗಲು ವರ್ಷ, ಅಪ್ರಾಮಾಣಿಕನಿಗೆ ಕಲ್ಲು ಸಿಗಲು ಒಂದು ರಾತ್ರಿ ಎಂಬ ಸ್ಥಿತಿಯಿದ್ದರೆ, ಸಿಮೆಂಟಿನ ಪರ್ಮಿಟ್ಟಿನ ಕಾಲವೇ ಇನ್ನೊಂದು ವೇಷದಲ್ಲಿ ಮರಳಿ ಬಂದಂತೆ. 2011ರಲ್ಲಿ ರಾಜ್ಯವು ಸಕಾಲ ಕಾಯಿದೆಯ ಮೂಲಕ ಸೇವೆಗಳಿಗೆ ದಿನದ ಗಡುವು ವಿಧಿಸಿದುದರ ಹಿಂದೆ ಇದ್ದುದು ಈ ತಿಳಿವಳಿಕೆಯೇ. ಎರಡನೆಯದಾಗಿ, ಆಳುವವರ ವಿಳಂಬವು ಶ್ರಾವಕನಿಗೆ ತದಾಹೃತಾದಾನದ ಪರವಾನಗಿಯಾಗದು. ಸರಕಾರದ ದೋಷ ಸರಕಾರದ ಖಾತೆಗೆ, ತನ್ನ ದೋಷ ತನ್ನ ಖಾತೆಗೆ. ಕರ್ಮದ ಪುಸ್ತಕದಲ್ಲಿ ಒಬ್ಬನ ಬಾಕಿಯನ್ನು ಇನ್ನೊಬ್ಬನ ಹೆಸರಿಗೆ ವರ್ಗಾಯಿಸುವ ಕ್ರಮವಿಲ್ಲ.

ಇದು ಹೇಳಲು ಸುಲಭ, ನಡೆಯಲು ಕಷ್ಟ. ಬಾಡಿಗೆ ಮನೆಯನ್ನು ಬಿಡಬೇಕಾದ ದಿನ ಸಮೀಪಿಸಿರುವಾಗ, ಬ್ಯಾಂಕಿನ ಬಡ್ಡಿ ಏರುತ್ತಿರುವಾಗ, ಒಂದು ಲೋಡು ಮರಳಿಗಾಗಿ ತಿಂಗಳುಗಟ್ಟಲೆ ಕಾಯಿರಿ ಎಂದು ಮಧ್ಯಮವರ್ಗದವನಿಗೆ ಉಪದೇಶಿಸುವುದರಲ್ಲಿ ಕಠೋರತೆಯಿದೆ. ಆದರೂ ದಾರಿಗಳು ಇಲ್ಲದಿಲ್ಲ. ಕೆಡವಿದ ಹಳೆಯ ಮನೆಗಳ ಮುರಕಲ್ಲು, ಹಂಚು, ಮರಮಟ್ಟುಗಳ ಮರುಬಳಕೆ ಈ ಊರಿಗೆ ಹೊಸತಲ್ಲ. ಯಂತ್ರದಿಂದ ಮಾಡಿದ ಮರಳಿದೆ. ಅದೂ ಬಂಡೆಯನ್ನು ಒಡೆದೇ ಆಗುವುದಾದರೂ ರಸೀದಿಯೊಂದಿಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಅಳತೆಯನ್ನೇ ಕಡಿಮೆ ಮಾಡುವ ದಾರಿಯಿದೆ. ಪರಿಗ್ರಹಪರಿಮಾಣ ವ್ರತದ ಮೊದಲ ಅತಿಚಾರವೇ ಕ್ಷೇತ್ರ ಮತ್ತು ವಾಸ್ತುಗಳ, ಅಂದರೆ ಜಾಗ ಮತ್ತು ಮನೆಗಳ ಮಿತಿಯನ್ನು ಮೀರುವುದು. ನಾಲ್ವರಿಗೆ ಆರು ಕೋಣೆಗಳನ್ನು ಕಟ್ಟುವವನು ಮರಳಿನ ಅಭಾವವನ್ನು ದೂರುವ ಮೊದಲು ತನ್ನ ನಕ್ಷೆಯನ್ನು ಒಮ್ಮೆ ನೋಡಿಕೊಳ್ಳಬೇಕು.

ಸಮಾಜವು ಮಾಡಬಹುದಾದುದು

ವ್ಯಕ್ತಿಗೆ ಕಷ್ಟವಾದುದು ಸಂಸ್ಥೆಗೆ ಅಷ್ಟು ಕಷ್ಟವಲ್ಲ. ಬಸದಿಗಳ ಜೀರ್ಣೋದ್ಧಾರ, ಸಭಾಭವನ, ವಿದ್ಯಾರ್ಥಿನಿಲಯ, ಅತಿಥಿಗೃಹಗಳನ್ನು ಕಟ್ಟಿಸುವ ಟ್ರಸ್ಟುಗಳು ಈ ವಿಷಯದಲ್ಲಿ ಮಾರ್ಗದರ್ಶಿಗಳಾಗಬೇಕು. ಧಾರ್ಮಿಕ ಕಟ್ಟಡವೆಂಬ ಕಾರಣದಿಂದ ನಕ್ಷೆಯ ಮಂಜೂರಾತಿಯನ್ನು ಕಡೆಗಣಿಸುವುದು, ದಾನವಾಗಿ ಬಂದ ಮರಳಿನ ಮೂಲವನ್ನು ವಿಚಾರಿಸದಿರುವುದು ದೇವರ ಹೆಸರಿನಲ್ಲಿ ಅತಿಚಾರವನ್ನು ಪೂಜೆಗೆ ಇಟ್ಟಂತಾಗುತ್ತದೆ. ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳಲ್ಲಿ ಹೊಸ ನಿರ್ಮಾಣಕ್ಕೆ ನಿಷೇಧ, ಅದರಾಚೆ 200 ಮೀಟರುಗಳಲ್ಲಿ ಪೂರ್ವಾನುಮತಿಯ ನಿರ್ಬಂಧಗಳನ್ನು 2010ರ ತಿದ್ದುಪಡಿ ತಂದಿದೆ. ಇದರಿಂದ ಕೆಲವು ಟ್ರಸ್ಟುಗಳಿಗೆ ಅನನುಕೂಲವಾಗಿರುವುದು ನಿಜ. ಆದರೆ ಪೂರ್ವಿಕರು ಕಟ್ಟಿದ ಶಿಲಾಬಸದಿಯ ಮಗ್ಗುಲಲ್ಲಿ ಗಾಜಿನ ಗೋಡೆಯ ಭವನವೆದ್ದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಟ್ರಸ್ಟುಗಳ ಆಡಳಿತ ಸಮಿತಿಗಳು ಕೆಲವು ನಿರ್ಣಯಗಳನ್ನು ಕೈಗೊಳ್ಳಬಹುದು. ಕಲ್ಲು ಮರಳುಗಳನ್ನು ರಸೀದಿ ಹಾಗೂ ಸಾಗಾಟದ ಪರ್ಮಿಟ್ಟುಗಳೊಡನೆ ಮಾತ್ರ ಸ್ವೀಕರಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕಡಿಯುವ, ಆಳದ ಅಡಿಪಾಯ ತೋಡುವ ಕೆಲಸಗಳನ್ನು ನಿಲ್ಲಿಸುವುದು. ವರ್ಷಾಕಾಲದಲ್ಲಿ ಮುನಿಗಳೇ ವಿಹಾರವನ್ನು ನಿಲ್ಲಿಸಿ ಚಾತುರ್ಮಾಸವನ್ನು ಕೈಗೊಳ್ಳುವಾಗ ಬಸದಿಯ ಕಾಮಗಾರಿ ನಾಲ್ಕು ತಿಂಗಳು ಕಾದರೆ ಧರ್ಮಕ್ಕೆ ಹಾನಿಯಿಲ್ಲ. ಕೆಲಸಗಾರರ ನೋಂದಣಿ, ವಿಮೆ, ಶಿರಸ್ತ್ರಾಣಗಳ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿಯೇ ಸೇರಿಸುವುದು. ವಾಸಯೋಗ್ಯತೆಯ ಪ್ರಮಾಣಪತ್ರ ದೊರೆತ ಮೇಲೆಯೇ ಉದ್ಘಾಟನೆಯ ಮುಹೂರ್ತವನ್ನು ಇಡುವುದು. ನಿಯಮವು ಅನ್ಯಾಯವೆಂದು ತೋರಿದಾಗ ಅದರ ಬಗ್ಗೆ ಲಿಖಿತವಾಗಿ, ಬಹಿರಂಗವಾಗಿ ಮನವಿ ಸಲ್ಲಿಸುವುದು. ಅಧಿಕಾರಿಯು ಲಂಚ ಬೇಡಿದರೆ ಕೊಡದಿರುವುದು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವೆಂಬುದನ್ನು, ಬಲವಂತಕ್ಕೆ ಒಳಗಾದವನು 7 ದಿನಗಳೊಳಗೆ ದೂರು ಕೊಟ್ಟರೆ ಅವನಿಗೆ ರಕ್ಷಣೆಯಿದೆಯೆಂಬುದನ್ನು ಸದಸ್ಯರೆಲ್ಲರೂ ತಿಳಿದಿರಬೇಕು.

ಇಷ್ಟನ್ನು ಪಾಲಿಸಿದರೆ ವ್ಯಾಪಾರದಲ್ಲಿ ಹಿಂದೆ ಬೀಳುವೆವೆಂಬ ಭಯ ಹಲವರಲ್ಲಿದೆ. ಕೆಲವು ವರ್ಷಗಳ ಲೆಕ್ಕದಲ್ಲಿ ಆ ಭಯ ನಿಜವಾಗಲೂಬಹುದು. ನಿಯಮ ಪಾಲಿಸುವವನ ಕಟ್ಟಡದ ಬೆಲೆ ಹೆಚ್ಚು, ಮುಗಿಯುವ ಕಾಲ ದೀರ್ಘ, ಲಾಭ ಕಡಿಮೆ. ವ್ರತವು ಲಾಭದಾಯಕವೆಂದು ಆಚಾರ್ಯರು ಎಲ್ಲಿಯೂ ಆಶ್ವಾಸನೆ ಕೊಟ್ಟಿಲ್ಲ. ಆದರೆ ಕಾನೂನಿನ ಅಧಿಕಾರಿಯು ಗೋಡೆಯ ಹೊರಮೈಯನ್ನು ಮಾತ್ರ ಅಳೆಯಬಲ್ಲನು. ಗಾರೆ ಬಳಿದ ಮೇಲೆ ಕಂಬದೊಳಗೆ ಎಷ್ಟು ಕಬ್ಬಿಣವಿದೆ ಎಂಬುದನ್ನು ಬಲ್ಲವನು ಕಟ್ಟಿದವನೊಬ್ಬನೇ. ಸರಕಾರ ಎಷ್ಟೇ ಬಿಗಿಯಾದರೂ ತಲಪಲಾರದ ಆ ಸ್ಥಳವೇ ಮನುಷ್ಯನ ನಿಜವಾದ ಸ್ವಾತಂತ್ರ್ಯದ ಸ್ಥಳ. ಅಲ್ಲಿ ವ್ರತವಿದ್ದರೆ ಹೊರಗಿನ ನಿಯಮಗಳನ್ನು ಸಡಿಲಿಸಿರೆಂದು ಕೇಳುವ ಯೋಗ್ಯತೆ ಸಮಾಜಕ್ಕೆ ಬರುತ್ತದೆ. ವ್ರತವಿಲ್ಲದಿದ್ದರೆ ನಿಯಮಗಳು ಹೆಚ್ಚುತ್ತಲೇ ಹೋಗುವುವು, ಮತ್ತು ಅದಕ್ಕಾಗಿ ಸರಕಾರವನ್ನು ದೂರುವ ಅಧಿಕಾರ ಯಾರಿಗೂ ಉಳಿಯಲಾರದು.